ಬರ, ನೆರೆಗೆ ಮೊದಲೇ ಊರಿನ ಊಟದ ಲೆಕ್ಕ: ಸರ್ಕಾರದ ಅಂಕಿಅಂಶ ಬಳಸುವುದು ಹೇಗೆ?

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಒಂದಿದೆ. ‘ಮಳೆ, ಬೆಳೆ, ರೇಷನ್, ಡ್ಯಾಮಿನ ನೀರು ಎಲ್ಲದರ ಲೆಕ್ಕವನ್ನೂ ಸರ್ಕಾರ ಇಂಟರ್ನೆಟ್ಟಿಗೆ ಹಾಕುತ್ತದೆ ಅಂತೀರಿ. ಅದನ್ನು ಇಟ್ಟುಕೊಂಡು ನಮ್ಮಂಥ ಒಂದು ಊರಿನವರು ಏನು ಮಾಡಬಹುದು?’ ಕೇಳುವವರಲ್ಲಿ ಪಂಚಾಯ್ತಿ ಸದಸ್ಯರಿದ್ದಾರೆ, ಸ್ವಸಹಾಯ ಸಂಘದ ಅಕ್ಕಂದಿರಿದ್ದಾರೆ, ಕಾಲೇಜು ಹುಡುಗರಿದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಬರ, ನೆರೆ ಎರಡನ್ನೂ ಕಂಡಿವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆಗಳು ಒಟ್ಟಿಗೆ ಉಕ್ಕಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಊಟಕ್ಕೆ ತೊಂದರೆ ಆಗುವುದು ಜಿಲ್ಲೆಯಲ್ಲಿ ಕಾಳು ಮುಗಿದದ್ದರಿಂದ ಅಲ್ಲ. ಸೇತುವೆ ಮುಳುಗಿ ಕಾಳಿನ ಲಾರಿ ಊರಿಗೆ ಬರುವುದಿಲ್ಲ. ಕರೆಂಟ್ ಹೋಗಿ ಹಿಟ್ಟಿನ ಗಿರಣಿ ನಿಲ್ಲುತ್ತದೆ. ಕೂಲಿ ಇಲ್ಲದ ಮನೆಗೆ ಜೋಳದ ದರ ಕೈಗೆಟುಕುವುದಿಲ್ಲ. ಮೇವಿಲ್ಲದೆ ಎಮ್ಮೆ ಮಾರಬೇಕಾಗುತ್ತದೆ. ಆದ್ದರಿಂದ ಜಿಲ್ಲೆಯ ಒಟ್ಟು ಲೆಕ್ಕ ನೋಡಿ ಸಮಾಧಾನ ಪಡಬೇಡಿ. ನಿಮಗೆ ಬೇಕಾದದ್ದು ನಿಮ್ಮ ಹೋಬಳಿಯ, ನಿಮ್ಮ ಪಂಚಾಯ್ತಿಯ, ನಿಮ್ಮ ರೇಷನ್ ಅಂಗಡಿಯ ಲೆಕ್ಕ.

ಏನೇನು ಬೇಕು?

ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್ ಸಾಕು. ನಿಮ್ಮ ಗ್ರಾಮ ಪಂಚಾಯ್ತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ನೋಡಿ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ತೆರೆಯಲು ಬರುವ ಒಬ್ಬರು ಬೇಕು. ಊರಿನ ಹೊಲ, ಹೊಳೆ, ದಾರಿ ಬಲ್ಲ ಒಬ್ಬ ಹಿರಿಯರು ಬೇಕು. ಮನೆಯೊಳಗಿನ ಅಡುಗೆಯ ಲೆಕ್ಕ ಬಲ್ಲ ಇಬ್ಬರು ಹೆಣ್ಣುಮಕ್ಕಳು ಬೇಕು. ಈ ಕೊನೆಯವರನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಕಾಗದದ ಲೆಕ್ಕ ಆಗುತ್ತದೆ ಅಷ್ಟೇ.

ಮುಕ್ತ ದತ್ತಾಂಶ ಎಂಬ ಪದ ನಿಮಗೆ ಅಲ್ಲಲ್ಲಿ ಸಿಗುತ್ತದೆ. ಸರ್ಕಾರ ತಾನು ಸಂಗ್ರಹಿಸಿದ ಅಂಕಿಅಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಲಿ ಎಂದು ಬಿಟ್ಟುಕೊಡುವುದಕ್ಕೆ ಹಾಗೆನ್ನುತ್ತಾರೆ. ಕೇಂದ್ರ ಸರ್ಕಾರ 2012ರಲ್ಲಿ ಇದಕ್ಕಾಗಿ ಒಂದು ನೀತಿ ಮಾಡಿತು. ಡೇಟಾ ಡಾಟ್ ಗವ್ ಡಾಟ್ ಇನ್ ಎಂಬ ತಾಣ ಶುರುವಾದದ್ದೂ ಆ ವರ್ಷವೇ. 2017ರಲ್ಲಿ ಬಂದ ಪರವಾನಗಿಯ ಪ್ರಕಾರ, ಮೂಲ ಯಾವುದು ಎಂದು ಹೇಳಿ ಈ ಅಂಕಿಅಂಶವನ್ನು ಬಳಸಬಹುದು, ಹಂಚಬಹುದು. ಯಾರ ಅಪ್ಪಣೆಯೂ ಬೇಕಿಲ್ಲ.

ಸಿಎಸ್‌ವಿ ಎಂಬ ಬಗೆಯ ಕಡತ ಸಿಕ್ಕರೆ ಅದನ್ನೇ ಇಳಿಸಿಕೊಳ್ಳಿ. ಅದು ಸಾಲು, ಕಂಬ ಇರುವ ಸಾದಾ ಪಟ್ಟಿ, ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುತ್ತದೆ. ಪಿಡಿಎಫ್ ಮಾತ್ರ ಸಿಕ್ಕರೆ ಸ್ವಲ್ಪ ಕಷ್ಟ. ಹಳೆಯ ಕನ್ನಡ ಪಿಡಿಎಫ್‌ಗಳು ನುಡಿ ಫಾಂಟಿನಲ್ಲಿ ಇರುತ್ತವೆ, ಕಾಪಿ ಮಾಡಿ ಅಂಟಿಸಿದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ ಬಳಸಿ. ಇಲ್ಲವೇ ಬೇಕಾದ ಹತ್ತು ಸಾಲನ್ನು ಕೈಯಲ್ಲೇ ಟೈಪ್ ಮಾಡಿ, ಅದೇ ಬೇಗ ಆಗುತ್ತದೆ.

ಹಂತ 1: ಊರಿನ ಹೆಸರು ಸರಿಯಾಗಿ ಹಿಡಿಯಿರಿ

ಬಹಳ ಜನ ಎಡವುವುದು ಇಲ್ಲೇ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಅದಕ್ಕೂ ಹಿಂದಿನ ಕಡತಗಳಲ್ಲಿ, ಕೆಲವು ಹೊಸ ಕಡತಗಳಲ್ಲೂ, ಹಳೆಯ ಹೆಸರೇ ಇದೆ. ಬಾಗಲಕೋಟೆಗೆ ಇಂಗ್ಲಿಷ್ ಕಡತಗಳಲ್ಲಿ ಒಂದಕ್ಕಿಂತ ಜಾಸ್ತಿ ಕಾಗುಣಿತ. ಇನ್ನೂ ಒಂದು ಅಪಾಯ: ಛತ್ತೀಸಗಡದಲ್ಲೂ ಬಿಜಾಪುರ ಎಂಬ ಜಿಲ್ಲೆ ಇದೆ. ರಾಜ್ಯದ ಹೆಸರು ನೋಡದೆ ಇಳಿಸಿಕೊಂಡರೆ ಅಲ್ಲಿಯ ಭತ್ತದ ಲೆಕ್ಕ ನಿಮ್ಮ ಜೋಳದ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ.

ತಾಲ್ಲೂಕುಗಳದ್ದು ಇದಕ್ಕಿಂತ ದೊಡ್ಡ ಗೊಂದಲ. 2018ರ ಆಸುಪಾಸಿನಲ್ಲಿ ಹೊಸ ತಾಲ್ಲೂಕುಗಳು ಬಂದವು. ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ, ಗೋಕಾಕದಿಂದ ಮೂಡಲಗಿ, ಹುನಗುಂದದಿಂದ ಇಳಕಲ್, ಬಾದಾಮಿಯಿಂದ ಗುಳೇದಗುಡ್ಡ, ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟೆ ಬೇರೆಯಾದವು. ಹೀಗಾಗಿ 2015ರ ಇಂಡಿ ತಾಲ್ಲೂಕಿನ ತೊಗರಿ ಕ್ಷೇತ್ರಕ್ಕೂ 2022ರ ಇಂಡಿ ತಾಲ್ಲೂಕಿನ ತೊಗರಿ ಕ್ಷೇತ್ರಕ್ಕೂ ನೇರ ಹೋಲಿಕೆ ಸಲ್ಲದು. ‘ತೊಗರಿ ಕಡಿಮೆ ಆಗಿದೆ’ ಎಂದು ಹೇಳುವ ಮೊದಲು ಚಡಚಣದ ಲೆಕ್ಕವನ್ನೂ ಕೂಡಿಸಿ.

ಇದಕ್ಕೆ ದಾರಿ ಇದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ‘ಲೋಕಲ್ ಗವರ್ನಮೆಂಟ್ ಡೈರೆಕ್ಟರಿ’ ತಾಣದಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಪಂಚಾಯ್ತಿ, ಊರಿಗೆ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಅದನ್ನು ಎಲ್‌ಜಿಡಿ ಕೋಡ್ ಎನ್ನುತ್ತಾರೆ. ನಿಮ್ಮ ಊರಿನ ಕೋಡ್ ಹುಡುಕಿ ಹಾಳೆಯ ಮೇಲೆ ದೊಡ್ಡದಾಗಿ ಬರೆದಿಡಿ. ಹೆಸರು ಹತ್ತು ತರಹ ಬರೆದಿದ್ದರೂ ಕೋಡ್ ನೋಡಿ ನಿಮ್ಮೂರು ಗುರುತಿಸಬಹುದು.

ಹಂತ 2: ದಿನಕ್ಕೆ ಎಷ್ಟು ಕಾಳು ಬೇಕು?

ಜನಸಂಖ್ಯೆಗೆ ಸದ್ಯ ಕೈಗೆ ಸಿಗುವುದು 2011ರ ಜನಗಣತಿ. ಅದರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ 47,79,661, ವಿಜಯಪುರದಲ್ಲಿ 21,77,331, ಬಾಗಲಕೋಟೆಯಲ್ಲಿ 18,89,752 ಜನ. ಊರೂರಿನ ಲೆಕ್ಕವೂ ಅದರಲ್ಲೇ ಇದೆ. ಆದರೆ ಅದು ತುಂಬ ಹಳೆಯದಾಯಿತು, ಅಲ್ವಾ? ಪಂಚಾಯ್ತಿಯ ಮನೆ ಪಟ್ಟಿ, ಆಶಾ ಕಾರ್ಯಕರ್ತೆಯರ ಕುಟುಂಬ ಸಮೀಕ್ಷೆ, ಅಂಗನವಾಡಿಯ ದಾಖಲೆ ಮೂರನ್ನೂ ಪಕ್ಕದಲ್ಲಿಟ್ಟು ಸರಿಪಡಿಸಿ. ಗುಳೆ ಹೋಗುವವರನ್ನೂ ಬರೆದುಕೊಳ್ಳಿ. ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವ ಊರುಗಳಲ್ಲಿ ಜುಲೈ ತಿಂಗಳ ಬಾಯಿಗಳ ಲೆಕ್ಕವೇ ಬೇರೆ, ಜನವರಿಯದೇ ಬೇರೆ. ಕಬ್ಬು ಕಡಿಯಲು ಹೊರಗಿನ ಗ್ಯಾಂಗ್ ಬಂದು ಗುಡಿಸಲು ಹಾಕುವ ಕಡೆ ಇದು ತಿರುಗುಮುರುಗು.

ಈಗ ಒಂದು ಉದಾಹರಣೆ ಲೆಕ್ಕ ಮಾಡೋಣ. ಊರಿನಲ್ಲಿ 4,000 ಜನ ಇದ್ದಾರೆ ಎಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಜೋಳ, ಅಕ್ಕಿ, ಗೋಧಿ ಎಲ್ಲ ಸೇರಿ. ಹಾಗಾದರೆ ದಿನಕ್ಕೆ 1,600 ಕಿಲೋ, ಅಂದರೆ 16 ಕ್ವಿಂಟಲ್ ಧಾನ್ಯ. ತಿಂಗಳಿಗೆ 480 ಕ್ವಿಂಟಲ್. ಬೇಳೆ ಒಬ್ಬರಿಗೆ 60 ಗ್ರಾಂ ಹಿಡಿದರೆ ದಿನಕ್ಕೆ 2.4 ಕ್ವಿಂಟಲ್. ಏಳು ದಿನ ದಾರಿ ಮುಚ್ಚಿದರೆ ಊರೊಳಗೆ 112 ಕ್ವಿಂಟಲ್ ಧಾನ್ಯ ಇರಲೇಬೇಕು. 400 ಗ್ರಾಂ ಎಂಬುದು ಲೆಕ್ಕಕ್ಕೆ ಹಿಡಿದದ್ದು. ನಿಮ್ಮ ಊರಿನ ನಾಲ್ಕು ಬಗೆಯ ಮನೆಗಳಲ್ಲಿ, ಅಂದರೆ ಹೊಲ ಇರುವ ಮನೆ, ಕೂಲಿ ಮನೆ, ಒಬ್ಬಂಟಿ ವೃದ್ಧರ ಮನೆ, ಮಕ್ಕಳು ಜಾಸ್ತಿ ಇರುವ ಮನೆಗಳಲ್ಲಿ ಕೇಳಿ ಆ ಅಂಕಿಯನ್ನು ತಿದ್ದಿ.

ಹಂತ 3: ಆ ಕಾಳು ಎಲ್ಲಿಂದ ಬರುತ್ತದೆ?

ಇದು ನಿಜವಾಗಿ ಮುಖ್ಯವಾದ ಹಂತ. ಇಲ್ಲಿ ಸಮಯ ಕೊಡಿ.

ಮೊದಲು ರೇಷನ್. ಆಹಾರ, ನಾಗರಿಕ ಸರಬರಾಜು ಇಲಾಖೆಯ ತಾಣದಲ್ಲಿ ನ್ಯಾಯಬೆಲೆ ಅಂಗಡಿವಾರು ಕಾರ್ಡುಗಳ ಸಂಖ್ಯೆ, ಹಂಚಿಕೆ ಪ್ರಮಾಣ ಸಿಗುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೋ, ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ 5 ಕಿಲೋ. ನಮ್ಮ ಉದಾಹರಣೆ ಊರಿನಲ್ಲಿ 60 ಅಂತ್ಯೋದಯ ಕಾರ್ಡು, ಆದ್ಯತಾ ಕಾರ್ಡುಗಳಲ್ಲಿ 3,000 ಸದಸ್ಯರು ಇದ್ದರೆ ಒಟ್ಟು 171 ಕ್ವಿಂಟಲ್. ಬೇಕಾದದ್ದು 480. ಅಂದರೆ ಕಾಯ್ದೆಯ ಪಾಲಿನಿಂದ ಊರಿನ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ತುಂಬುತ್ತದೆ. ಉಳಿದದ್ದು ರಾಜ್ಯದ ಹೆಚ್ಚುವರಿ ಪಾಲು, ಹೊಲದ ಜೋಳ, ಕಿರಾಣಿ ಅಂಗಡಿ.

ಹೆಚ್ಚುವರಿ ಪಾಲನ್ನು ಬೇರೆ ಸಾಲಿನಲ್ಲಿ ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಕಾರಣ ಇದೆ. 2023ರ ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯ ಸರ್ಕಾರಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕಿತು. 2025ರಲ್ಲಿ ಮತ್ತೆ ಅಕ್ಕಿ ಕೊಡತೊಡಗಿತು. ಬರದ ವರ್ಷದಲ್ಲಿ ದುಡ್ಡು ಉಪಯೋಗಕ್ಕೆ ಬರುತ್ತದೆ, ದರ ಏರದಿದ್ದರೆ. ನೆರೆಯಲ್ಲಿ ದಾರಿ ಮುಚ್ಚಿದ ಊರಿಗೆ ದುಡ್ಡು ಊಟವಾಗುವುದಿಲ್ಲ. ನಿಮ್ಮ ಯೋಜನೆಯಲ್ಲಿ ಕಾಳಾಗಿ ಬರುವುದು ಎಷ್ಟು, ದುಡ್ಡಾಗಿ ಬರುವುದು ಎಷ್ಟು ಎಂಬುದು ಬೇರೆ ಬೇರೆ ಇರಲಿ.

ಆಮೇಲೆ ಬೆಳೆ. ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಕಚೇರಿ ಪ್ರತಿ ವರ್ಷ ಜಿಲ್ಲೆಯ ಅಂಕಿಅಂಶಗಳ ಪುಸ್ತಕ ತರುತ್ತದೆ. ತಾಲ್ಲೂಕುವಾರು ಬಿತ್ತನೆ ಕ್ಷೇತ್ರ ಅದರಲ್ಲಿ ಸಿಗುತ್ತದೆ. ಊರಿನ ಮಟ್ಟಕ್ಕೆ ಬೆಳೆ ಸಮೀಕ್ಷೆ ಇದೆ. ನಿಮ್ಮ ಹೊಲದಲ್ಲಿ ಯಾವ ಬೆಳೆ ದಾಖಲಾಗಿದೆ ಎಂದು ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನೋಡಬಹುದು.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಬಿತ್ತನೆ ಶೇಕಡಾ ನೂರು ಆಗಿದೆ ಎಂದ ಕೂಡಲೇ ಊಟಕ್ಕೆ ಭಯವಿಲ್ಲ ಎಂದುಕೊಳ್ಳಬೇಡಿ. ಮುಧೋಳ, ಜಮಖಂಡಿ, ರಾಯಬಾಗ, ಗೋಕಾಕ ಕಡೆ ಹೊಳೆಸಾಲಿನ ಹೊಲ ತುಂಬ ಕಬ್ಬು. ಕಾಗದದಲ್ಲಿ ಹಸಿರು, ಮನೆಯಲ್ಲಿ ಜೋಳ ಸಂತೆಯಿಂದ ಬರಬೇಕು. ಇಂಥ ಊರು ಬರಕ್ಕಿಂತ ದರ ಏರಿಕೆಗೆ, ದಾರಿ ಮುಚ್ಚುವುದಕ್ಕೆ ಹೆಚ್ಚು ಹೆದರಬೇಕು. ಇದಕ್ಕೆ ಬದಲಾಗಿ ವಿಜಯಪುರದ ಡೋಣಿ ಹೊಳೆ ಸಾಲಿನ ಎರೆ ಭೂಮಿಯಲ್ಲಿ ಮನೆಗೆ ವರ್ಷದ ಬಿಳಿಜೋಳ ಹೊಲದಿಂದಲೇ ಬರುತ್ತದೆ. ಅಲ್ಲಿ ಹಿಂಗಾರಿ ಬಿತ್ತನೆ ಸೆಪ್ಟೆಂಬರ್, ಅಕ್ಟೋಬರ್ ಹದದ ಮೇಲೆ ನಿಂತಿದೆ. ಹದ ತಪ್ಪಿದರೆ ಅದರ ಪೆಟ್ಟು ಅಡುಗೆಮನೆಗೆ ತಟ್ಟುವುದು ಮುಂದಿನ ಬೇಸಿಗೆಯಲ್ಲಿ. ಅಂದರೆ ಐದಾರು ತಿಂಗಳ ಮುನ್ಸೂಚನೆ ನಿಮ್ಮ ಕೈಯಲ್ಲಿದೆ. ಅದನ್ನು ಕಳೆದುಕೊಳ್ಳಬಾರದು.

ವರ್ಷದ ಬಗ್ಗೆಯೂ ಎಚ್ಚರ. ಬೆಳೆಯ ಕಡತದಲ್ಲಿ 2022-23 ಎಂದರೆ ಮುಂಗಾರಿನಿಂದ ಮುಂದಿನ ಬೇಸಿಗೆಯವರೆಗೆ. ಹಣಕಾಸಿನ ಕಡತದಲ್ಲಿ ಅದೇ 2022-23 ಎಂದರೆ ಏಪ್ರಿಲ್‌ನಿಂದ ಮಾರ್ಚ್. ಎರಡನ್ನೂ ಒಂದೇ ಸಾಲಿಗೆ ತಂದರೆ ಲೆಕ್ಕ ಹಳಿ ತಪ್ಪುತ್ತದೆ.

ಹಂತ 4: ಮೇವು ಮರೆಯಬೇಡಿ

ಆಹಾರದ ಯೋಜನೆ ಎಂದರೆ ಎಲ್ಲರೂ ಅಕ್ಕಿ, ಬೇಳೆಗೆ ನಿಲ್ಲಿಸುತ್ತಾರೆ. ನಮ್ಮ ಕಡೆ ಅದು ಸಾಲದು. 2019ರಲ್ಲಿ ನಡೆದ 20ನೇ ಜಾನುವಾರು ಗಣತಿಯ ಅಂಕಿ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಸಿಗುತ್ತದೆ. ಉದಾಹರಣೆ ಊರಿನಲ್ಲಿ 1,200 ದನ, ಎಮ್ಮೆ ಇವೆ ಎನ್ನಿ. ದಿನಕ್ಕೆ ತಲಾ 6 ಕಿಲೋ ಒಣಮೇವು ಹಿಡಿದರೆ 72 ಕ್ವಿಂಟಲ್. ಜನರಿಗೆ ಬೇಕಾದ ಧಾನ್ಯದ ನಾಲ್ಕೂವರೆ ಪಟ್ಟು! ತಿಂಗಳಿಗೆ 2,160 ಕ್ವಿಂಟಲ್.

ಈ ಮೇವಿನಲ್ಲಿ ದೊಡ್ಡ ಪಾಲು ಜೋಳದ ಕಣಿಕೆ. ಜೋಳ ಹೋದರೆ ರೊಟ್ಟಿಯೂ ಹೋಯಿತು, ಕಣಿಕೆಯೂ ಹೋಯಿತು, ಹಾಲಿನ ದುಡ್ಡೂ ಹೋಯಿತು. ಆದ್ದರಿಂದ ಮಾರ್ಚ್‌ನಲ್ಲಿ ರಾಶಿ ಮುಗಿದ ಮೇಲೆ ಊರಿನ ಬಣವೆಗಳನ್ನು ಎಣಿಸಿ ಬರೆದಿಡಿ. ಇದು ಯಾವ ತಾಣದಲ್ಲೂ ಸಿಗುವ ಅಂಕಿ ಅಲ್ಲ. ಸರ್ಕಾರದ ಜಾನುವಾರು ಲೆಕ್ಕ ಮತ್ತು ನಿಮ್ಮ ಬಣವೆ ಲೆಕ್ಕ ಸೇರಿದರೆ ಮಾತ್ರ ಎಷ್ಟು ವಾರದ ಮೇವು ಇದೆ ಎಂದು ತಿಳಿಯುತ್ತದೆ. ನೆರೆ ಬರುವ ಊರಿನವರು ಬಣವೆ ಎಷ್ಟು ಎತ್ತರದ ಜಾಗದಲ್ಲಿದೆ ಎಂಬುದನ್ನೂ ಬರೆಯಿರಿ. ನೀರು ನಿಂತ ಕಣಿಕೆಗೆ ಬೂಷ್ಟು ಹಿಡಿಯುತ್ತದೆ, ದನ ಮುಟ್ಟುವುದಿಲ್ಲ.

ಹಂತ 5: ಮಳೆಯ ಲೆಕ್ಕ ಓದುವುದು

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ತಾನಾಗಿಯೇ ಅಳೆದು ಮಾಹಿತಿ ಕಳಿಸುವ ಯಂತ್ರಗಳು ಅವು. ಹೋಬಳಿವಾರು ವರದಿ ದಿನವೂ ಅದರ ತಾಣದಲ್ಲಿ ಬರುತ್ತದೆ. ಹೊಲದ ಕೆಲಸಕ್ಕೆ ಮಳೆ ಮುನ್ಸೂಚನೆ ಕೇಳಲು ‘ವರುಣಮಿತ್ರ’ ಎಂಬ ಸಹಾಯವಾಣಿಯೂ ಇದೆ.

ವರದಿಯಲ್ಲಿ ಮೂರು ಅಂಕಿ ಇರುತ್ತವೆ. ವಾಡಿಕೆ ಮಳೆ ಎಂದರೆ ಹಲವು ವರ್ಷಗಳ ಸರಾಸರಿ. ಬಿದ್ದ ಮಳೆ ಎಂದರೆ ಈ ಸಲದ್ದು. ಮೂರನೆಯದು ಇವೆರಡರ ವ್ಯತ್ಯಾಸ, ಶೇಕಡಾವಾರು. ವಾಡಿಕೆಗಿಂತ ಶೇ 19ರವರೆಗೆ ಹೆಚ್ಚು ಕಡಿಮೆ ಇದ್ದರೆ ಸಾಮಾನ್ಯ ಎನ್ನುತ್ತಾರೆ. ಶೇ 20ರಿಂದ 59 ಕಡಿಮೆ ಇದ್ದರೆ ಕೊರತೆ. ಶೇ 60 ಮತ್ತು ಮೇಲೆ ಕಡಿಮೆ ಆದರೆ ತೀವ್ರ ಕೊರತೆ.

ಎರಡು ಕಡೆ ಮೋಸ ಹೋಗಬಹುದು. ಒಂದು, ಜಿಲ್ಲೆಯ ಸರಾಸರಿ. ಬೆಳಗಾವಿ ಜಿಲ್ಲೆಯಲ್ಲಿ ಖಾನಾಪುರದ ಕಣಕುಂಬಿ ಕಡೆ ಘಟ್ಟದ ಮಳೆ. ಅದೇ ಜಿಲ್ಲೆಯ ಅಥಣಿ ಬಯಲುಸೀಮೆ. ಎರಡನ್ನೂ ಕೂಡಿಸಿ ಭಾಗಿಸಿದ ಸಂಖ್ಯೆ ಕಣಕುಂಬಿಗೂ ಹೊಂದುವುದಿಲ್ಲ, ಅಥಣಿಗೂ ಹೊಂದುವುದಿಲ್ಲ. ಹೋಬಳಿಯ ಮಟ್ಟಕ್ಕೆ ಇಳಿದೇ ನೋಡಿ.

ಇನ್ನೊಂದು, ಒಟ್ಟು ಮೊತ್ತ. ಎರಡು ದಿನ ಜಡಿದು ಸುರಿದು ಆಮೇಲೆ ತಿಂಗಳು ಮಳೆಯೇ ಬಾರದಿದ್ದರೂ ‘ವಾಡಿಕೆ ಮಳೆ ಆಗಿದೆ’ ಎಂದೇ ವರದಿ ತೋರಿಸುತ್ತದೆ. ಬೆಳೆಗೆ ಗೊತ್ತಾಗುವುದು ಮಳೆ ಬಿಟ್ಟ ದಿನಗಳು. 2016ರ ಬರ ನಿರ್ವಹಣಾ ಕೈಪಿಡಿ ಕೂಡ ಬರ ಘೋಷಣೆಗೆ ಇದನ್ನು ನೋಡುತ್ತದೆ: ಸತತ ಮೂರು-ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಆದರೆ ಅದು ಶುಷ್ಕ ಅವಧಿ. ಹೀಗಾಗಿ ವಾರಕ್ಕೊಂದು ಸಾಲು ಬರೆದುಕೊಳ್ಳಿ. ತಿಂಗಳ ಮೊತ್ತ ನಂಬಿ ಕೂರಬೇಡಿ.

ಹಂತ 6: ಹೊಳೆ ಮತ್ತು ಡ್ಯಾಮ್

ಹೊಳೆಸಾಲಿನ ಊರಿನವರು ಈ ಹಂತವನ್ನು ನಿಧಾನವಾಗಿ ಓದಿ. ಉಳಿದವರು ಮುಂದಿನದಕ್ಕೆ ಹೋಗಬಹುದು.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ಹರಿವು. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ. ಈ ಒಂದು ಅಂಕಿ ನೆನಪಿದ್ದರೆ ಸಾಕು. ಕೃಷ್ಣಾ ಹೊಳೆಯ ಆಲಮಟ್ಟಿ ಡ್ಯಾಮಿನ ಒಟ್ಟು ಸಾಮರ್ಥ್ಯ 123.08 ಟಿಎಂಸಿ. ಅದರಲ್ಲಿ ಇನ್ನು 10 ಟಿಎಂಸಿ ಮಾತ್ರ ಜಾಗ ಇದೆ, ಒಳಹರಿವು ಹೊರಹರಿವಿಗಿಂತ ಒಂದು ಲಕ್ಷ ಕ್ಯೂಸೆಕ್ ಜಾಸ್ತಿ ಇದೆ ಎಂದರೆ, ಒಂದು ದಿನದ ಮೇಲೆ ಸ್ವಲ್ಪ ಹೊತ್ತಿನಲ್ಲೇ ತುಂಬುತ್ತದೆ. ಕೆಳಗಿನ ಊರುಗಳು ಅಷ್ಟರೊಳಗೆ ತಯಾರಾಗಬೇಕು.

ಅಳತೆಯ ಮಾನ ನೋಡಿಕೊಳ್ಳಿ. ಆಲಮಟ್ಟಿಯ ಮಟ್ಟ ಮೀಟರಿನಲ್ಲಿ ಹೇಳುತ್ತಾರೆ, ತುಂಬಿದಾಗ 519.60 ಮೀಟರ್. ಘಟಪ್ರಭಾದ ಹಿಡಕಲ್ ಡ್ಯಾಮಿನದು ಅಡಿಯಲ್ಲಿ, 2,175 ಅಡಿ. ಮಲಪ್ರಭಾದ ನವಿಲುತೀರ್ಥ ಡ್ಯಾಮಿನದ್ದೂ ಅಡಿಯಲ್ಲಿ, 2,079.50 ಅಡಿ. ಇವು ಸಮುದ್ರಮಟ್ಟದಿಂದ ಮೇಲಿನ ಎತ್ತರ, ನೀರಿನ ಆಳ ಅಲ್ಲ. ‘ಇನ್ನು ಎರಡು ಅಡಿ ಅಷ್ಟೇ ಖಾಲಿ’ ಎಂಬ ಮಾತು ಕೇಳಿದಾಗ ಎಷ್ಟು ಟಿಎಂಸಿ ಖಾಲಿ ಎಂದು ಕೇಳಿ. ಡ್ಯಾಮಿನ ಮೇಲ್ಭಾಗ ಅಗಲವಾದ್ದರಿಂದ ಕೊನೆಯ ಎರಡು ಅಡಿಯಲ್ಲಿ ಬಹಳ ನೀರು ಹಿಡಿಯುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ, ಅಥಣಿ ಕಡೆಯವರಿಗೆ ಆಲಮಟ್ಟಿ ಒಂದೇ ಸಾಲದು. ಮಹಾರಾಷ್ಟ್ರದ ಕೊಯ್ನಾ ಜಲಾಶಯದ ಮಟ್ಟ, ರಾಜಾಪುರ ಬ್ಯಾರೇಜಿನ ಹೊರಹರಿವು, ದೂಧಗಂಗಾ ನದಿಯ ಹರಿವು ಮೂರನ್ನೂ ನೋಡಬೇಕು. ಊರಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುವುದು ಇದಕ್ಕೇ. ಕೇಂದ್ರ ಜಲ ಆಯೋಗದ ಪ್ರವಾಹ ಮುನ್ಸೂಚನೆ ತಾಣ ಮತ್ತು 2023ರಲ್ಲಿ ಬಂದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪ್‌ನಲ್ಲಿ ನದಿಮಟ್ಟ ಸಿಗುತ್ತದೆ.

ಹಂತ 7: ಸಂತೆಯ ದರ

ಅಗ್‌ಮಾರ್ಕ್‌ನೆಟ್ ಎಂಬ ಕೇಂದ್ರದ ತಾಣ, ‘ಕೃಷಿ ಮಾರಾಟ ವಾಹಿನಿ’ ಎಂಬ ರಾಜ್ಯದ ತಾಣ ಎರಡರಲ್ಲೂ ಎಪಿಎಂಸಿವಾರು ಆವಕ ಮತ್ತು ದರ ಬರುತ್ತದೆ. ಆವಕ ಎಂದರೆ ಆ ದಿನ ಮಾರುಕಟ್ಟೆಗೆ ಬಂದ ಮಾಲು. ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಮಾದರಿ ದರ ಎಂದರೆ ಹೆಚ್ಚಿನ ಮಾಲು ಮಾರಾಟವಾದ ದರ. ಅದನ್ನೇ ಹಿಡಿಯಿರಿ.

ವಿಜಯಪುರ, ಬಾಗಲಕೋಟೆ, ಬೆಳಗಾವಿಯಲ್ಲಿ ನಿಮಗೆ ಹತ್ತಿರದ ಎಪಿಎಂಸಿ ಆರಿಸಿ ಜೋಳ, ತೊಗರಿ, ಕಡಲೆ, ಈರುಳ್ಳಿ ನಾಲ್ಕರ ದರ ಬರೆಯಿರಿ. ಹೋಲಿಸುವಾಗ ಹಿಂದಿನ ತಿಂಗಳಿಗೆ ಹೋಲಿಸಬೇಡಿ, ಹಿಂದಿನ ಮೂರು ವರ್ಷದ ಅದೇ ತಿಂಗಳಿಗೆ ಹೋಲಿಸಿ. ರಾಶಿಯ ಕಾಲದಲ್ಲಿ ಜೋಳದ ದರ ಇಳಿಯುವುದು, ಶ್ರಾವಣದ ಹೊತ್ತಿಗೆ ಏರುವುದು ಸಹಜ. ಸಹಜಕ್ಕಿಂತ ಎಷ್ಟು ಮೇಲೆ ಹೋಗಿದೆ ಎಂಬುದು ನಿಮಗೆ ಬೇಕಾದದ್ದು. ನನ್ನ ಸಲಹೆ: ಆ ಮೂರು ವರ್ಷದ ಸರಾಸರಿಗಿಂತ ಶೇ 25 ಮೇಲೆ ಹೋದರೆ ಎಚ್ಚರದ ಗಂಟೆ ಎಂದು ತಿಳಿಯಿರಿ.

ದರ ಏರಿ ಆವಕವೂ ಕುಸಿದಿದ್ದರೆ ನಿಜಕ್ಕೂ ಮಾಲು ಇಲ್ಲ. ದರ ಏರಿದ್ದರೂ ಆವಕ ಚೆನ್ನಾಗಿದ್ದರೆ ಹೊರಗಿನ ಬೇಡಿಕೆ ಎಳೆಯುತ್ತಿರಬಹುದು. ವ್ಯಾಪಾರ ನಡೆಯದ ದಿನ ಕೆಲವು ಕಡತಗಳಲ್ಲಿ ಸೊನ್ನೆ ಬರುತ್ತದೆ. ಆ ಸೊನ್ನೆ ಸೇರಿಸಿ ಸರಾಸರಿ ತೆಗೆದರೆ ದರ ಸುಳ್ಳೇ ಇಳಿದಂತೆ ಕಾಣುತ್ತದೆ, ಅಳಿಸಿ. ಬಿಳಿಜೋಳಕ್ಕೂ ಹೈಬ್ರಿಡ್ ಜೋಳಕ್ಕೂ ದರ ಬೇರೆ, ತಳಿಯ ಕಂಬ ನೋಡಿ. ಕೊನೆಗೆ, ಎಪಿಎಂಸಿ ದರ ಕಿರಾಣಿ ದರವಲ್ಲ. ಊರಿನ ಎರಡು ಅಂಗಡಿಯ ಕಿಲೋ ದರವನ್ನು ವಾರಕ್ಕೊಮ್ಮೆ ಪಕ್ಕದಲ್ಲಿ ಬರೆಯಿರಿ.

ಹಂತ 8: ದಾರಿ, ಗಿರಣಿ, ಅಡುಗೆಮನೆ

ಕಲ್ಲೋಳ–ಯಡೂರ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ. ಚಿಕ್ಕೋಡಿ, ನಿಪ್ಪಾಣಿ ಕಡೆ ಹೊಳೆ ಏರಿದಾಗ ಮೊದಲು ಮುಳುಗುವ ಸೇತುವೆಗಳ ಹೆಸರು ಅಲ್ಲಿಯ ಮಕ್ಕಳಿಗೂ ಗೊತ್ತು. ನಿಮ್ಮ ಊರಿಗೆ ರೇಷನ್ ಲಾರಿ, ಕಿರಾಣಿ ಮಾಲು, ಹಾಲಿನ ವಾಹನ, ಗ್ಯಾಸ್ ಸಿಲಿಂಡರ್ ಯಾವ ಸೇತುವೆ ಮೇಲೆ ಬರುತ್ತವೆ? ನಕಾಶೆಯ ಮೇಲೆ ಗುರುತು ಹಾಕಿ. ಇಸ್ರೋದ ‘ಭುವನ್’ ತಾಣದಲ್ಲಿ ಹಿಂದಿನ ನೆರೆಗಳಲ್ಲಿ ನೀರು ನಿಂತ ಜಾಗದ ಉಪಗ್ರಹ ಚಿತ್ರ ಹುಡುಕಿ. ಊರಿನ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮೋಡ ಮುಚ್ಚಿದ ದಿನದ ಚಿತ್ರ, ನೀರು ಇಳಿದ ಮೇಲಿನ ಚಿತ್ರ ನಿಜವನ್ನು ಪೂರ್ತಿ ತೋರಿಸುವುದಿಲ್ಲ. ಗುಡಿಯ ಯಾವ ಮೆಟ್ಟಿಲಿನವರೆಗೆ ನೀರು ಬಂದಿತ್ತು ಎಂದು ಅವರೇ ಹೇಳಬೇಕು.

ಗಿರಣಿಯ ವಿಷಯ ನಾನು ಬಿಡದೆ ಹೇಳುತ್ತೇನೆ, ಏಕೆಂದರೆ ಯಾವ ಸರ್ಕಾರಿ ಪಟ್ಟಿಯಲ್ಲೂ ಅದು ಕಣ್ಣಿಗೆ ಬೀಳುವುದಿಲ್ಲ. ಅಕ್ಕಿಯನ್ನು ಒಲೆ ಹೊತ್ತಿಸಿದರೆ ಬೇಯಿಸಬಹುದು. ಜೋಳ ಬೀಸದೆ ರೊಟ್ಟಿ ಆಗುವುದಿಲ್ಲ. ಊರಿನ ಗಿರಣಿಗಳಲ್ಲಿ ಡೀಸೆಲ್ ಎಂಜಿನ್ ಇರುವುದು ಯಾವುದು, ಜನರೇಟರ್ ಯಾರ ಹತ್ತಿರ ಇದೆ, ಬೀಸುವ ಕಲ್ಲು ಇನ್ನೂ ಯಾರ ಮನೆಯಲ್ಲಿದೆ, ಬರೆದಿಡಿ. ಹೊಳೆ ಏರುವ ಸೂಚನೆ ಬಂದ ದಿನವೇ ಹಿಟ್ಟು ಹಾಕಿಸಿಟ್ಟುಕೊಂಡರೆ ಆಯಿತು. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುವ ಸಂಘಗಳು ಊರಲ್ಲಿದ್ದರೆ ಅವರ ಜೊತೆ ಮೊದಲೇ ಮಾತಾಡಿ. ಒಣಗಿಸಿಟ್ಟ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಬೆಂಕಿಯೂ ಬೇಡ.

ರೇಷನ್ ಅಂಗಡಿಯ ಬೆರಳಚ್ಚು ಯಂತ್ರಕ್ಕೆ ನೆಟ್‌ವರ್ಕ್ ಬೇಕು. ಟವರ್ ನಿಂತರೆ ಏನು ವ್ಯವಸ್ಥೆ ಎಂದು ಆಹಾರ ನಿರೀಕ್ಷಕರನ್ನು ಬೇಸಿಗೆಯಲ್ಲೇ ಕೇಳಿ, ಉತ್ತರ ಬರೆದುಕೊಳ್ಳಿ. ಊರು ಬಿಟ್ಟು ನೆಂಟರ ಮನೆಗೆ ಹೋದವರು ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ತಮ್ಮ ಕಾರ್ಡಿನ ಪಾಲು ತೆಗೆದುಕೊಳ್ಳಬಹುದು ಎಂಬುದನ್ನು ಎಲ್ಲರಿಗೂ ತಿಳಿಸಿ.

ನೆರೆ ಬಂದಾಗ ಜನರನ್ನು ಇರಿಸುವ ಕಾಳಜಿ ಕೇಂದ್ರ ತೆರೆಯಬಹುದಾದ ಶಾಲೆ ಯಾವುದು? ಅಕ್ಷರ ದಾಸೋಹದ ಅಡುಗೆಕೋಣೆ, ದೊಡ್ಡ ಪಾತ್ರೆ, ಕುಡಿಯುವ ನೀರು, ಶೌಚಾಲಯ ಇದೆಯೇ? ಶಾಲೆ ಎತ್ತರದ ಜಾಗದಲ್ಲಿದೆಯೇ? ಈ ನಾಲ್ಕೈದು ಪ್ರಶ್ನೆಗೆ ಹೋಗಿ ನೋಡಿಯೇ ಉತ್ತರ ಬರೆಯಿರಿ.

ಹಂತ 9: ಎಚ್ಚರದ ಗೆರೆ ಎಳೆಯುವುದು

ಇಷ್ಟೆಲ್ಲ ಅಂಕಿ ಕೂಡಿಸಿ ಸುಮ್ನೆ ಇಟ್ಟರೆ ಏನೂ ಆಗುವುದಿಲ್ಲ. ಯಾವ ಅಂಕಿ ಎಷ್ಟಾದಾಗ ಯಾರು ಏನು ಮಾಡಬೇಕು ಎಂದು ಮೊದಲೇ ಬರೆದು ಒಪ್ಪಿಕೊಳ್ಳಬೇಕು. ಕಷ್ಟ ಬಂದ ಮೇಲೆ ಸಭೆ ಕರೆದು ಚರ್ಚೆ ಮಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಕೆಲವು ಉದಾಹರಣೆ:

– ಹೋಬಳಿಯಲ್ಲಿ ಸತತ ಎರಡು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ: ಬಣವೆ ಲೆಕ್ಕ ಮತ್ತೆ ಎಣಿಸಿ, ಮೇವಿನ ಬೀಜಕ್ಕೆ ಪಶುಪಾಲನಾ ಇಲಾಖೆಗೆ ಅರ್ಜಿ ಕೊಡಿ. ಮೂರನೇ ವಾರಕ್ಕೆ ತಹಶೀಲ್ದಾರರಿಗೆ ಪಂಚಾಯ್ತಿಯಿಂದ ಪತ್ರ, ಅಂಕಿ ಸಮೇತ. ಹೊಣೆ: ಪಂಚಾಯ್ತಿ ಅಧ್ಯಕ್ಷರು.

– ಹೊಳೆಯ ಹರಿವು ನಿಮ್ಮ ಸೇತುವೆ ಹಿಂದಿನ ಸಲ ಮುಳುಗಿದಾಗ ಇದ್ದ ಹರಿವಿನ ಮುಕ್ಕಾಲು ಭಾಗ ತಲುಪಿತು: ಮಕ್ಕಳು, ಬಾಣಂತಿಯರು, ವೃದ್ಧರ ಮನೆಗೆ ಮೊದಲು ಹಿಟ್ಟು, ಬೇಳೆ, ಎಣ್ಣೆ. ಆ ತಿಂಗಳ ರೇಷನ್ ಬೇಗ ಕೊಡುವಂತೆ ಕೇಳಿ. ದನಗಳನ್ನು ಎತ್ತರಕ್ಕೆ ಸಾಗಿಸಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077.

– ಜೋಳದ ದರ ಶೇ 25ರ ಗೆರೆ ದಾಟಿತು: ಕೂಲಿ ಮನೆಗಳ ಪಟ್ಟಿ ನೋಡಿ, ಉದ್ಯೋಗ ಖಾತ್ರಿ ಕೆಲಸಕ್ಕೆ ಅರ್ಜಿ ಹಾಕಿಸಿ. ರೈತ ಉತ್ಪಾದಕ ಕಂಪನಿ ಅಥವಾ ಸಂಘದ ಮೂಲಕ ಒಟ್ಟಾಗಿ ಜೋಳ ಕೊಳ್ಳುವ ಮಾತು ಶುರು ಮಾಡಿ.

ನಿಮ್ಮ ಊರಿನ ಗೆರೆಯನ್ನು ನೀವೇ ಎಳೆಯಬೇಕು. ಹಿಂದಿನ ವರ್ಷಗಳ ಅಂಕಿ ತೆಗೆದು, ತೊಂದರೆ ಶುರುವಾಗುವ ಮೊದಲು ಅದು ಎಷ್ಟಿತ್ತು ಎಂದು ನೋಡಿ. ನದಿ ದಡದವರು 2019 ಮತ್ತು 2021, ಬಯಲಿನವರು 2023 ನೋಡಿದರೆ ಸಾಕಷ್ಟು ತಿಳಿಯುತ್ತದೆ. ಗೆರೆ ತೀರಾ ಕೆಳಗಿಟ್ಟರೆ ವರ್ಷಕ್ಕೆ ನಾಲ್ಕು ಸಲ ಸುಳ್ಳು ಗಂಟೆ ಬಾರಿಸಿ ಜನ ನಂಬುವುದು ಬಿಡುತ್ತಾರೆ. ತೀರಾ ಮೇಲಿಟ್ಟರೆ ಗಂಟೆ ಬಾರಿಸುವಷ್ಟರಲ್ಲಿ ನೀರು ಬಾಗಿಲಿಗೆ ಬಂದಿರುತ್ತದೆ. ಮೊದಲನೆಯ ತಪ್ಪನ್ನು ತಿದ್ದಿಕೊಳ್ಳಬಹುದು, ಆದ್ದರಿಂದ ಸ್ವಲ್ಪ ಕೆಳಗೇ ಇರಲಿ.

ಬೇಕಾದ ಅಂಕಿ ಸಿಗದಿದ್ದರೆ?

ಮೊದಲು ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ರೈತ ಸಂಪರ್ಕ ಕೇಂದ್ರದಲ್ಲಿ ಬಾಯಿಮಾತಲ್ಲಿ ಕೇಳಿ. ಬಹಳ ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ. ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ ಗಡುವು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ‘ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ‘ಇಂಥ ಪಂಚಾಯ್ತಿಯ ಇಂಥ ನ್ಯಾಯಬೆಲೆ ಅಂಗಡಿಗೆ ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ಬಂದ ದಾಸ್ತಾನು, ತಿಂಗಳವಾರು’ ಎಂದು ಬರೆಯಿರಿ. ಆಹಾರ ಭದ್ರತಾ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ನ್ಯಾಯಬೆಲೆ ಅಂಗಡಿ ಮಟ್ಟದಲ್ಲೂ ಜಾಗೃತಿ ಸಮಿತಿ ಇರಬೇಕು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ, ಅವರನ್ನು ಜೊತೆಗೆ ಸೇರಿಸಿಕೊಳ್ಳಿ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ರೇಷನ್ ಕಾರ್ಡಿನ ಪಟ್ಟಿ, ಬಾಣಂತಿಯರ ಪಟ್ಟಿ, ಕಾಯಿಲೆ ಇರುವವರ ಪಟ್ಟಿ ಇವುಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಗೋಡೆಯ ಮೇಲೆ ಅಂಟಿಸುವ ಹಾಳೆಯಲ್ಲಿ ಸಂಖ್ಯೆ ಮಾತ್ರ ಇರಲಿ: ‘ಮೂರನೇ ವಾರ್ಡಿನಲ್ಲಿ ಒಬ್ಬಂಟಿ ವೃದ್ಧರು 11’ ಎಂಬಂತೆ. ಹೆಸರಿನ ಪಟ್ಟಿ ಆಶಾ ಕಾರ್ಯಕರ್ತೆ ಮತ್ತು ಪಂಚಾಯ್ತಿಯ ಬೀರುವಿನಲ್ಲಿ ಇದ್ದರೆ ಸಾಕು.

ಎಲ್ಲ ಮುಗಿದ ಮೇಲೆ ಎರಡು ಪುಟಕ್ಕೆ ಇಳಿಸಿ. ಮೊದಲ ಪುಟದಲ್ಲಿ ಊರಿನ ಲೆಕ್ಕ, ಎರಡನೇ ಪುಟದಲ್ಲಿ ಎಚ್ಚರದ ಗೆರೆಗಳು ಮತ್ತು ಹೊಣೆ ಹೊತ್ತವರ ಫೋನ್ ಸಂಖ್ಯೆ. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಇಲಾಖೆಯದು, ಯಾವ ದಿನಾಂಕದ್ದು ಎಂದು ಸಣ್ಣದಾಗಿ ಬರೆಯಿರಿ. ಗ್ರಾಮ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ದಾಖಲಿಸಿ. ನಡಾವಳಿಗೆ ಬಂದರೆ ಮುಂದಿನ ವರ್ಷ ಸದಸ್ಯರು ಬದಲಾದರೂ ಕೆಲಸ ಉಳಿಯುತ್ತದೆ. ಮಳೆ ಮತ್ತು ದರದ ಸಾಲು ವಾರಕ್ಕೊಮ್ಮೆ, ಹೊಳೆಯ ಸಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನವೂ, ಜನ ಮತ್ತು ಜಾನುವಾರು ಲೆಕ್ಕ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ತಿದ್ದಿದರೆ ಸಾಕು. ಮೇ ಕೊನೆಯೊಳಗೆ ಒಂದು ಸಲ ಗಿರಣಿಯ ಎಂಜಿನ್ ಚಾಲೂ ಮಾಡಿ ನೋಡಿ, ಡೀಸೆಲ್ ಎಷ್ಟು ಹೊತ್ತು ಬರುತ್ತದೆ ಎಂದು ಅದೇ ಹಾಳೆಯಲ್ಲಿ ಬರೆಯಿರಿ.